ಮನೆಯಲ್ಲೇ ಮಣಿಸರ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿಯಿಂದ ಭಾಗಮಂಡಲದ ಕಡೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಜೂನ್ ತಿಂಗಳಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್ ತನಕ ಅಂಗಳಕ್ಕೆ ಇಳಿಯುವುದೂ ಕಷ್ಟ, ಕೈ ಸುಮ್ನೆ ಇರಲ್ಲ, ಹಾಗಾಗಿ ಮಣಿ ಪೋಣಿಸಲು ಕೂತವಳು ನಾನು. ಹನ್ನೊಂದು ವರ್ಷ ಆಯಿತು. ಸಂತೆಯಲ್ಲಿ, ಮದುವೆಮನೆಯಲ್ಲಿ, ಫೋನಿನಲ್ಲಿ ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಅವೇ ಪ್ರಶ್ನೆ. ಪ್ರತಿ ಸಲ ಅರ್ಧ ಉತ್ತರ ಹೇಳಿ ಉಳಿದದ್ದು ಮರೆಯುತ್ತೇನೆ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.

ಅಕ್ಕಾ, ಶುರು ಮಾಡಲು ಏನೇನು ತಗೊಳ್ಳಬೇಕು?

ಮೊದಲೇ ದೊಡ್ಡ ಕಿಟ್ ಕೊಳ್ಳಬೇಡಿ. ಅದರಲ್ಲಿ ಇಪ್ಪತ್ತು ಬಣ್ಣದ ಮಣಿ ಇರುತ್ತದೆ, ನಿಮಗೆ ಬೇಕಾದ ಬಣ್ಣದ ಮಣಿ ಮಾತ್ರ ಹತ್ತೇ ಇರುತ್ತದೆ. ಮೂರು ಇಕ್ಕಳ ಸಾಕು: ದುಂಡು ಮೂತಿಯದೊಂದು, ಚಪ್ಪಟೆ ಮೂತಿಯದೊಂದು, ತಂತಿ ಕತ್ತರಿಸುವುದೊಂದು. ದುಂಡು ಮೂತಿಯದು ತಂತಿಯನ್ನು ಬಳೆಯ ಹಾಗೆ ಸುತ್ತಲು, ಚಪ್ಪಟೆ ಮೂತಿಯದು ಹಿಡಿದುಕೊಳ್ಳಲು. ಮನೆಯಲ್ಲಿ ಕರೆಂಟ್ ಕೆಲಸಕ್ಕೆ ಇಟ್ಟಿರುವ ಪ್ಲೇಯರ್ ಬೇಡ, ಅದರ ಬಾಯೊಳಗೆ ಹಲ್ಲಿದೆ, ತಂತಿ ಮೇಲೆಲ್ಲ ಗೀರು ಬೀಳುತ್ತದೆ. ಜೊತೆಗೆ ದಾರ, 10 ಅಥವಾ 12 ನಂಬರಿನ ಮಣಿ ಸೂಜಿ, ನಾಲ್ಕಾರು ಹುಕ್ಕು, ಒಂದು ಹಿಡಿ ಜಂಪ್ ರಿಂಗ್ (ಹುಕ್ಕು ಸೇರಿಸುವ ಸಣ್ಣ ತಂತಿ ಉಂಗುರ), ಒಂದು ಅಳತೆ ಟೇಪು. ಮಣಿ ಹರಡಿಕೊಳ್ಳಲು ಹಳೇ ಟರ್ಕಿ ಟವೆಲ್ ಮಡಚಿ ಹಾಸಿ. ಸ್ಟೀಲ್ ತಟ್ಟೆಯಲ್ಲಿ ಇಟ್ಟರೆ ಮಣಿ ಓಡಾಡುತ್ತದೆ, ಟವೆಲ್ ಮೇಲೆ ಇದ್ದಲ್ಲೇ ಇರುತ್ತದೆ.

ಮಣಿ ಎಲ್ಲಿ ಸಿಗುತ್ತದೆ? ಕೊಡಗಿನಲ್ಲೇ ಸಿಗುತ್ತಾ?

ಸ್ವಲ್ಪ ಸಿಗುತ್ತದೆ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪದ ಫ್ಯಾನ್ಸಿ ಸ್ಟೋರುಗಳಲ್ಲಿ ಕರಿಮಣಿ, ಪ್ಲಾಸ್ಟಿಕ್ ಮುತ್ತು, ಸಾಧಾರಣ ಗಾಜಿನ ಮಣಿ, ಹುಕ್ಕು ಇರುತ್ತವೆ. ಮಡಿಕೇರಿಯ ಶುಕ್ರವಾರದ ಸಂತೆಯಲ್ಲೂ ಕೆಲವೊಮ್ಮೆ ಒಳ್ಳೆಯದು ಸಿಕ್ಕಿಬಿಡುತ್ತದೆ, ಆದರೆ ಮುಂದಿನ ವಾರ ಅದೇ ಬಣ್ಣ ಸಿಗುತ್ತದೆ ಅಂತ ನಂಬಬೇಡಿ. ಕುಶಾಲನಗರ ದಾಟಿ ಬೈಲಕುಪ್ಪೆಗೆ ಹೋದರೆ ಗೋಲ್ಡನ್ ಟೆಂಪಲ್ ಹತ್ತಿರದ ಟಿಬೆಟನ್ ಅಂಗಡಿಗಳಲ್ಲಿ ಜಪಮಾಲೆ ತೂಗುಹಾಕಿರುತ್ತಾರೆ, 108 ಮಣಿಯದು. ನಾನು ಎಷ್ಟೋ ಸಲ ಅಂಥ ಮಾಲೆ ಕೊಂಡು ಬಿಚ್ಚಿ ಮಣಿಗಳನ್ನು ಬೇರೆ ಸರಕ್ಕೆ ಹಾಕಿದ್ದೇನೆ. ಬಿಡಿ ಮಣಿಗಿಂತ ಅಗ್ಗ ಬೀಳುತ್ತದೆ. ಅಲ್ಲಿ ಹಸಿರು-ನೀಲಿ ಬಣ್ಣದ್ದು ಕಂಡ ಕೂಡಲೇ ಫಿರೋಜಾ ಕಲ್ಲು ಅಂದುಕೊಳ್ಳಬೇಡಿ, ಅಗ್ಗಕ್ಕೆ ಸಿಗುವುದು ಬಹುಪಾಲು ಬಣ್ಣ ಹಾಕಿದ ಬೇರೆ ಕಲ್ಲು.

ಜಾಸ್ತಿ ಬೇಕಿದ್ದರೆ ಬಸ್ ಹತ್ತಬೇಕು. ನಮ್ಮದು ರೈಲಿಲ್ಲದ ಜಿಲ್ಲೆ, ಗೊತ್ತಲ್ವಾ. ಮೈಸೂರಿನ ದೇವರಾಜ ಮಾರುಕಟ್ಟೆ ಸುತ್ತಮುತ್ತ, ಇಲ್ಲವಾದರೆ ಬೆಂಗಳೂರಿನ ಚಿಕ್ಕಪೇಟೆ, ನಗರ್ತಪೇಟೆ. ಅಲ್ಲಿ ಎಳೆ ಲೆಕ್ಕದಲ್ಲಿ, ಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ. ಚನ್ನಪಟ್ಟಣದಲ್ಲಿ ಇಳಿದರೆ ಅರಗಿನ ಬಣ್ಣದ ಮರದ ಮಣಿ ಸಿಗುತ್ತದೆ, ಹಾಲೆ ಮರದಲ್ಲಿ ಕಡೆದದ್ದು. ಎಷ್ಟು ಹಗುರ ಅಂದರೆ ದೊಡ್ಡ ಮಣಿ ಹಾಕಿದ ಜುಮುಕಿಯೂ ಕಿವಿ ಜಗ್ಗುವುದಿಲ್ಲ.

ಪ್ಯಾಕೆಟ್ ಮೇಲೆ 11/0, 8/0 ಅಂತ ಇರುತ್ತದಲ್ಲ, ಅದೇನು?

ಸಣ್ಣ ಗಾಜಿನ ಮಣಿಯ ಅಳತೆ. ನಂಬರ್ ದೊಡ್ಡದಾದಷ್ಟು ಮಣಿ ಸಣ್ಣದು, ಅಲ್ಲೇ ಎಲ್ಲರೂ ಎಡವುವುದು. 6/0 ಅಂದರೆ ಸುಮಾರು 4 ಮಿಲಿಮೀಟರ್, 8/0 ಸುಮಾರು 3, 11/0 ಸುಮಾರು 2, 15/0 ಸುಮಾರು ಒಂದೂವರೆ. ಹೊಸಬರು 8/0 ಇಂದ ಶುರು ಮಾಡಿ. 15/0 ಅಂದರೆ ಸಾಸಿವೆ ಪೋಣಿಸಿದ ಹಾಗೆ, ಮೊದಲ ವಾರವೇ ಬೇಸರ ಬಂದುಬಿಡುತ್ತದೆ.

ಜಪಾನಿನ ಮಿಯುಕಿ, ಟೋಹೊ ಮಣಿಗಳು ಒಂದಕ್ಕೊಂದು ಅಚ್ಚು ಹೊಡೆದಂತೆ ಸಮ ಇರುತ್ತವೆ, ಬೆಲೆ ಜಾಸ್ತಿ. ಜೆಕ್ ಮಣಿಗಳಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ. ನಮ್ಮಲ್ಲಿ ಗಾಜಿನ ಮಣಿಗೆ ಹೆಸರಾದ ಊರು ಉತ್ತರ ಪ್ರದೇಶದ ಪುರ್ದಿಲ್‌ನಗರ, ಆಂಧ್ರದ ಪಾಪಾನಾಯ್ಡುಪೇಟೆ. ಕೈಕೆಲಸದ ಮಣಿಯಲ್ಲಿ ದಪ್ಪ-ತೆಳು ಎರಡೂ ಬರುತ್ತದೆ. ಸುಮ್ನೆ ಪೋಣಿಸಿದ ಸರಕ್ಕೆ ಅದೇ ಚೆಂದ, ನನಗಂತೂ ತೀರಾ ಸಮ ಇದ್ದರೆ ಫ್ಯಾಕ್ಟರಿಯಿಂದ ಬಂದ ಹಾಗೆ ಕಾಣುತ್ತದೆ. ಆದರೆ ನೇಯ್ಗೆ ಕೆಲಸಕ್ಕೆ ಸಮ ಇರುವ ಮಣಿಯೇ ಬೇಕು, ಇಲ್ಲದಿದ್ದರೆ ಪಟ್ಟಿ ಸೊಟ್ಟ ಹೋಗುತ್ತದೆ.

ಒಂದು ಸರಕ್ಕೆ ಎಷ್ಟು ಮಣಿ ಬೇಕು?

18 ಇಂಚಿನ ಸರ ಅಂದರೆ ಸುಮಾರು 457 ಮಿಲಿಮೀಟರ್. ಅದನ್ನು ಮಣಿಯ ಅಳತೆಯಿಂದ ಭಾಗಿಸಿ. 4 ಮಿಲಿಮೀಟರ್ ಮಣಿಯಾದರೆ 114, 6 ಆದರೆ 76, 8 ಆದರೆ 57. ಹುಕ್ಕಿಗೆ ಒಂದು ಇಂಚು ಕಳೆಯಿರಿ, ಒಡೆಯುವುದಕ್ಕೆ, ಬೀಳುವುದಕ್ಕೆ ಅಂತ ಐದಾರು ಸೇರಿಸಿ. 11/0 ಮಣಿ ಒಂದು ಗ್ರಾಂಗೆ ಸುಮಾರು 110 ಬರುತ್ತದೆ. ಕುತ್ತಿಗೆಗೆ ಅಂಟಿಕೊಂಡಿರುವ ಸರಕ್ಕೆ 14ರಿಂದ 16 ಇಂಚು. ಬ್ರೇಸ್‌ಲೆಟ್‌ಗೆ ಮಣಿಕಟ್ಟಿನ ಸುತ್ತಳತೆಗೆ ಅರ್ಧದಿಂದ ಒಂದು ಇಂಚು ಸೇರಿಸಿ. ದಪ್ಪ ಮಣಿಯಾದರೆ ಒಂದು ಇಂಚೇ ಸೇರಿಸಿ, ಯಾಕೆಂದರೆ ಮಣಿ ದಪ್ಪವಾದಷ್ಟೂ ಬಳೆಯ ಒಳಗಿನ ಜಾಗ ಕಡಿಮೆಯಾಗುತ್ತದೆ.

ಯಾವ ದಾರ ಒಳ್ಳೆಯದು?

ಮಣಿಗೆ ಸಾವಿರ ಖರ್ಚು ಮಾಡಿ ದಾರಕ್ಕೆ ಬಟ್ಟೆ ಹೊಲಿಯುವ ನೂಲು ಹಾಕುವವರು ನಮ್ಮಲ್ಲಿ ಜಾಸ್ತಿ. ಗಾಜು ಕೆಡುವುದಿಲ್ಲ, ಕಲ್ಲು ಕೆಡುವುದಿಲ್ಲ. ಕೆಡುವುದು ದಾರ. ಅದರಲ್ಲೂ ಹತ್ತಿ ನೂಲು ನಮ್ಮ ಮಳೆಗಾಲದಲ್ಲಿ ಬೂಸ್ಟು ಹಿಡಿದು ಒಳಗಿಂದೊಳಗೆ ಕೊಳೆಯುತ್ತದೆ, ಮೇಲಿಂದ ನೋಡಿದರೆ ಗೊತ್ತೇ ಆಗುವುದಿಲ್ಲ.

ಸಣ್ಣ ಗಾಜಿನ ಮಣಿಗೆ ನೈಲಾನ್ ದಾರ. ಕಲ್ಲಿನ ಮಣಿ, ಲೋಹದ ಮಣಿ, ತೂಕದ್ದೇನಿದ್ದರೂ ನೈಲಾನ್ ಲೇಪ ಇರುವ ಸ್ಟೀಲ್ ತಂತಿ, ಅಂಗಡಿಯಲ್ಲಿ ಬೀಡಿಂಗ್ ವೈರ್ ಅಂದರೆ ಕೊಡುತ್ತಾರೆ. ಕಲ್ಲಿನ ಮಣಿಯ ತೂತಿನ ಅಂಚು ಬ್ಲೇಡಿನ ಹಾಗೆ ಇರುತ್ತದೆ, ಬರೀ ದಾರವನ್ನು ದಿನಾ ಸ್ವಲ್ಪ ಸ್ವಲ್ಪ ಕೊಯ್ಯುತ್ತದೆ. ಮುತ್ತಿಗೆ ರೇಷ್ಮೆ ದಾರ, ಎರಡು ಮುತ್ತಿನ ನಡುವೆ ಒಂದೊಂದು ಗಂಟು. ಗಂಟು ಹಾಕಿದರೆ ಸರ ತುಂಡಾದರೂ ಒಂದೇ ಮುತ್ತು ಬೀಳುತ್ತದೆ, ಮುತ್ತಿಗೆ ಮುತ್ತು ಉಜ್ಜಿ ಹೊಳಪು ಹೋಗುವುದೂ ತಪ್ಪುತ್ತದೆ. ಅಂಥ ಒಂದು ಸರಕ್ಕೆ ಎರಡು ಮೀಟರ್ ದಾರ ಇಟ್ಟುಕೊಳ್ಳಿ.

ಇನ್ನೊಂದು. ನೈಲಾನ್ ದಾರಕ್ಕೆ ಜೇನುಮೇಣ ಉಜ್ಜಿ. ನಮ್ಮ ಊರಲ್ಲಿ ಜೇನಿಗೆ ಬರವಿಲ್ಲ, ಜೇನು ಸಾಕುವವರ ಹತ್ತಿರ ಕೇಳಿದರೆ ಒಂದು ಉಂಡೆ ಮೇಣ ಕೊಟ್ಟೇ ಕೊಡುತ್ತಾರೆ. ಮೇಣದ ಮೇಲೆ ದಾರವನ್ನು ಎರಡು ಸಲ ಎಳೆದು, ಆಮೇಲೆ ಬೆರಳ ನಡುವೆ ಎಳೆಯಿರಿ. ದಾರ ಸಿಕ್ಕಾಗುವುದಿಲ್ಲ, ಮಣಿಯನ್ನು ಗಟ್ಟಿ ಹಿಡಿದುಕೊಳ್ಳುತ್ತದೆ.

ನಾನು ಮಾಡಿದ ಸರ ಎರಡೇ ವಾರಕ್ಕೆ ಕಿತ್ತುಹೋಯಿತು. ಯಾಕೆ?

ಸರ ನಡುವೆ ಕಿತ್ತುಹೋಗುವುದು ಕಡಿಮೆ. ಹುಕ್ಕಿನ ಹತ್ತಿರ ನೋಡಿ, ತೊಂಬತ್ತು ಪಾಲು ಅಲ್ಲೇ.

ಬೀಡಿಂಗ್ ವೈರಿನ ತುದಿಯನ್ನು ಕ್ರಿಂಪ್ ಅನ್ನುವ ಸಣ್ಣ ಲೋಹದ ಕೊಳವೆಯಿಂದ ಅಮುಕುತ್ತೇವಲ್ಲ, ಅದನ್ನು ಕಡಿಮೆ ಅಮುಕಿದರೆ ತಂತಿ ಜಾರುತ್ತದೆ, ಜಾಸ್ತಿ ಅಮುಕಿದರೆ ಕ್ರಿಂಪಿನ ಅಂಚೇ ತಂತಿಯನ್ನು ಕತ್ತರಿಸುತ್ತದೆ. ನನ್ನ ಕಥೆ ಹೇಳುತ್ತೇನೆ. ಮೂರನೇ ವರ್ಷ ಇರಬೇಕು, ಗೋಣಿಕೊಪ್ಪದ ಒಂದು ಮದುವೆಗೆ ನಾನೇ ಮಾಡಿದ ಹಸಿರು ಕಲ್ಲಿನ ಎರಡೆಳೆ ಸರ ಹಾಕಿಕೊಂಡು ಹೋಗಿದ್ದೆ. ಇನ್ನೂ ಗಟ್ಟಿಯಾಗಿರಲಿ ಅಂತ ಕ್ರಿಂಪನ್ನು ಪೂರಾ ಚಪ್ಪಟೆ ಮಾಡಿದ್ದೆ. ಊಟದ ಸಾಲಿನಲ್ಲಿ ಯಾರೋ ಹಿಂದಿನಿಂದ ಕರೆದರು, ತಿರುಗಿದೆ, ಟಪ್ ಅಂತ ಒಂದೇ ಸದ್ದು. ಎಲೆ ಮೇಲೆ, ಸಾರಿನ ಬಟ್ಟಲಲ್ಲಿ, ಪಕ್ಕದವರ ಸೀರೆ ನೆರಿಗೆಯಲ್ಲಿ ಎಲ್ಲ ಮಣಿ. ಅವತ್ತಿನಿಂದ ಕ್ರಿಂಪನ್ನು ಒಂದೇ ಸಲಕ್ಕೆ ಅಮುಕುವುದಿಲ್ಲ. ಮೊದಲು ಮೆತ್ತಗೆ, ಒಳಗಿನ ಎರಡು ತಂತಿ ಒಂದರ ಮೇಲೊಂದು ಕೂರದ ಹಾಗೆ ಪಕ್ಕಪಕ್ಕ ಇಟ್ಟು, ಆಮೇಲೆ ಮಡಚುವ ಹಾಗೆ ಇನ್ನೊಂದು ಸಲ. ತಂತಿಯ ಬಾಲವನ್ನು ಒಂದು ಇಂಚು ಮಣಿಗಳ ಒಳಗೆ ವಾಪಸ್ ತೂರಿಸಿ ಆಮೇಲೆ ಕತ್ತರಿಸುತ್ತೇನೆ.

ಎರಡನೇ ಕಾರಣ ಬಿಗಿ. ಮಣಿಗಳನ್ನು ತೀರಾ ಒತ್ತೊತ್ತಾಗಿ ಬಿಗಿದರೆ ಸರ ಬಾಗುವುದಿಲ್ಲ, ಕೋಲಿನ ಹಾಗೆ ನಿಲ್ಲುತ್ತದೆ, ಎಳೆತವೆಲ್ಲ ತುದಿಗೆ ಬೀಳುತ್ತದೆ. ಒಂದೆರಡು ಮಿಲಿಮೀಟರ್ ಸಡಿಲ ಬಿಡಿ.

ಮೂರನೆಯದು ಜಂಪ್ ರಿಂಗ್. ಅದನ್ನು ಬಿಡಿಸುವಾಗ ಎರಡು ತುದಿಯನ್ನು ಎಡಕ್ಕೂ ಬಲಕ್ಕೂ ಎಳೆಯುತ್ತಾರೆ, ಆಮೇಲೆ ಅದು ದುಂಡಗೆ ಮುಚ್ಚುವುದೇ ಇಲ್ಲ, ಸಂದಿನಲ್ಲಿ ದಾರ ನುಸುಳುತ್ತದೆ. ಒಂದು ತುದಿಯನ್ನು ನಿಮ್ಮ ಕಡೆಗೆ, ಇನ್ನೊಂದನ್ನು ಆಚೆಗೆ ತಿರುಚಿ. ಮುಚ್ಚುವಾಗಲೂ ಹಾಗೆಯೇ ತಿರುಚಿ ತನ್ನಿ.

ಎಲಾಸ್ಟಿಕ್ ದಾರದ ಬ್ರೇಸ್‌ಲೆಟ್ ಸುಲಭ ಅಲ್ವಾ?

ಮಾಡುವುದು ಸುಲಭ, ಬಾಳಿಕೆ ಕಡಿಮೆ. ಪೋಣಿಸುವ ಮೊದಲು ದಾರವನ್ನು ಎರಡು ಮೂರು ಸಲ ಚೆನ್ನಾಗಿ ಎಳೆದು ಬಿಡಿ, ಇಲ್ಲದಿದ್ದರೆ ಹಾಕಿಕೊಂಡ ಮೇಲೆ ಎಳೆದುಕೊಂಡು ಮಣಿ ನಡುವೆ ಸಂದು ಕಾಣುತ್ತದೆ. ಗಂಟು ಹಾಕುವಾಗ ಒಂದು ಸುತ್ತಿನ ಬದಲು ಎರಡು ಸುತ್ತು ತೂರಿಸಿ ಬಿಗಿಯಿರಿ. ಮೇಲೆ ಒಂದು ಹನಿ ಬಣ್ಣವಿಲ್ಲದ ನೈಲ್ ಪಾಲಿಶ್. ಕ್ಷಣದಲ್ಲಿ ಒಣಗುವ ಗೋಂದು ಬೇಡ, ಅದು ದಾರವನ್ನು ಗರಿಗರಿ ಮಾಡಿ ಅಲ್ಲೇ ಮುರಿಯುವಂತೆ ಮಾಡುತ್ತದೆ. ಕೊಡುವಾಗಲೇ ಹೇಳಿಬಿಡಿ, ವರ್ಷಕ್ಕೊಮ್ಮೆ ದಾರ ಬದಲಾಯಿಸಬೇಕು ಅಂತ.

ಮಳೆಗಾಲದಲ್ಲಿ ಸರ, ತಂತಿ ಎಲ್ಲ ಕಪ್ಪಾಗುತ್ತದೆ. ಏನು ಮಾಡುವುದು?

ಇದು ನಮ್ಮ ಜಿಲ್ಲೆಯ ಪ್ರಶ್ನೆ! ಬಯಲುಸೀಮೆಯಲ್ಲಿ ಇರುವವರು ಇದನ್ನು ಕೇಳುವುದೇ ಇಲ್ಲ. ಇಲ್ಲಿ ಗೋಡೆ ಬೆವರುತ್ತದೆ, ಬೀರುವಿನಲ್ಲಿ ಇಟ್ಟ ಚಪ್ಪಲಿಗೆ ಬೂಸ್ಟು ಬರುತ್ತದೆ, ಇನ್ನು ತಾಮ್ರದ ತಂತಿ ಬಿಡುತ್ತದಾ?

ಗಾಳಿ ತಾಗದ ಜಿಪ್ ಕವರ್, ಒಂದರಲ್ಲಿ ಒಂದೇ ಸರ. ಒಳಗೆ ಚಪ್ಪಲಿ ಡಬ್ಬಿಯಲ್ಲೋ ಮಾತ್ರೆ ಬಾಟಲಿಯಲ್ಲೋ ಬರುವ ಸಿಲಿಕಾ ಜೆಲ್ ಚೀಟಿ ಒಂದು. ಅದು ಸಿಗದಿದ್ದರೆ ಒಂದು ತುಂಡು ಸೀಮೆಸುಣ್ಣ. ಎಲ್ಲವನ್ನೂ ಬಿಸ್ಕತ್ ಡಬ್ಬಿಗೆ ಹಾಕಿ ಅಡುಗೆಮನೆಯ ಬೆಚ್ಚಗಿನ ಕಡೆ ಇಡಿ. ಒಲೆಗೆ ತೀರಾ ಹತ್ತಿರ ಬೇಡ, ಹೊಗೆಯಿಂದಲೂ ಬೆಳ್ಳಿ ಕಪ್ಪಾಗುತ್ತದೆ. ಬೆಳ್ಳಿಯನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ, ರಬ್ಬರಿನಲ್ಲಿ ಗಂಧಕ ಇರುತ್ತದೆ, ಬೆಳ್ಳಿ ಕಪ್ಪಾಗುವುದೇ ಗಂಧಕದಿಂದ. ಚರ್ಮದ ದಾರದ ಪದಕಗಳನ್ನು ನಾನು ಜೂನ್‌ನಿಂದ ಸೆಪ್ಟೆಂಬರ್ ತನಕ ಮಾಡುವುದೇ ಇಲ್ಲ.

ಒಳಗೆ ಬೆಳ್ಳಿ ಬಣ್ಣ ಹಚ್ಚಿರುವ ಗಾಜಿನ ಮಣಿ ಬೆವರಿಗೆ, ತೇವಕ್ಕೆ ಮಂಕಾಗುತ್ತದೆ. ಗಾಜಿಗೇ ಬಣ್ಣ ಕೂಡಿಸಿದ ಮಣಿಯಾದರೆ ಭಯವಿಲ್ಲ. ಕೊಳ್ಳುವಾಗ ನಾಲ್ಕು ಮಣಿಯನ್ನು ಒದ್ದೆ ಬಿಳಿ ಹತ್ತಿಯಲ್ಲಿ ಸುತ್ತಿ ಒಂದು ರಾತ್ರಿ ಇಟ್ಟು ನೋಡಿ. ಬೆಳಿಗ್ಗೆ ಹತ್ತಿ ಕೆಂಪಾಗಿದ್ದರೆ ನಾಳೆ ನಿಮ್ಮ ರವಿಕೆಯೂ ಕೆಂಪಾಗುತ್ತದೆ.

ಕಿಲುಬು ತೆಗೆಯಲು ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿ) ಹಾಕಿ ತಿಕ್ಕಬಹುದಾ?

ಹಾಕಬಹುದು, ಆದರೆ ಪಂದಿ ಕರಿಗೆ ಬೇಕಾದ್ದನ್ನು ತಂತಿಗೆ ಯಾಕೆ ಸುರಿಯುತ್ತೀರಿ? ಹುಣಸೆಹಣ್ಣು ಸಾಕು. ತಾಮ್ರ, ಹಿತ್ತಾಳೆ ಎರಡಕ್ಕೂ ಹುಳಿ ಕೆಲಸ ಮಾಡುತ್ತದೆ. ತಿಕ್ಕಿದ ಮೇಲೆ ನೀರಲ್ಲಿ ಚೆನ್ನಾಗಿ ತೊಳೆದು ಒಣಗಿಸಿ. ಮುತ್ತು, ಹವಳ, ಚಿಪ್ಪು, ಕವಡೆ ಇರುವ ಸರಕ್ಕೆ ಮಾತ್ರ ಹುಳಿ ತಾಗಿಸಲೇಬೇಡಿ. ಅವೆಲ್ಲ ಸುಣ್ಣದ ಜಾತಿ, ಹುಳಿಗೆ ಕರಗುತ್ತವೆ. ಅವಕ್ಕೆ ಒದ್ದೆ ಬಟ್ಟೆಯಲ್ಲಿ ಒರೆಸುವುದೊಂದೇ ಉಪಾಯ. ಸೆಂಟು, ಹೇರ್ ಸ್ಪ್ರೇ ಹಾಕಿಕೊಂಡ ಮೇಲೆಯೇ ಮುತ್ತು ಹಾಕಿಕೊಳ್ಳಿ.

ಕಾಫಿ ಬೀಜದಲ್ಲಿ ಸರ ಮಾಡಬಹುದಾ?

ಹೋಂಸ್ಟೇಗೆ ಬಂದವರು ಮೊದಲು ಕೇಳುವುದೇ ಇದನ್ನು. ಮಾಡಬಹುದು, ನಾನು ಮಾಡುತ್ತೇನೆ, ಆದರೆ ಮೊದಲ ಎರಡು ವರ್ಷ ಅರ್ಧಕ್ಕರ್ಧ ಬೀಜ ಒಡೆದು ಹಾಳು ಮಾಡಿದ್ದೇನೆ.

ಚೆನ್ನಾಗಿ ಒಣಗಿದ ಬೀಜವೇ ಬೇಕು. ಹಲ್ಲಿನಲ್ಲಿ ಕಚ್ಚಿದರೆ ಗುರುತು ಬೀಳಬಾರದು. ಹಸಿ ಇದ್ದರೆ ಸರದಲ್ಲೇ ಬೂಸ್ಟು ಬರುತ್ತದೆ. ಹುರಿಯದ ಬೀಜ ಗಟ್ಟಿ, ತೂತು ಕೊರೆಯಲು ಹೊತ್ತು ಹಿಡಿಯುತ್ತದೆ, ಆದರೆ ಒಡೆಯುವುದು ಕಡಿಮೆ. ಹುರಿದದ್ದು ಬಣ್ಣದಲ್ಲಿ ಚೆಂದ, ಕೊರೆಯುವಾಗ ಪುಡಿಯಾಗುತ್ತದೆ. ತೀರಾ ಕಪ್ಪಗೆ ಹುರಿದರೆ ಎಣ್ಣೆ ಬಿಟ್ಟು ಬಟ್ಟೆಗೆ ಕಲೆ. ನಾನು ಬಾಣಲೆಯಲ್ಲಿ ತಿಳಿ ಕಂದು ಬಣ್ಣ ಬರುವ ತನಕ ಹುರಿದು ನಿಲ್ಲಿಸುತ್ತೇನೆ. ಪೀಬೆರಿ ಸಿಕ್ಕರೆ ಎತ್ತಿಟ್ಟುಕೊಳ್ಳಿ. ಹಣ್ಣಿನೊಳಗೆ ಎರಡರ ಬದಲು ಒಂದೇ ಬೀಜ ಇರುವುದರಿಂದ ಅದು ಚಪ್ಪಟೆಯಾಗದೆ ದುಂಡಗೆ ಬೆಳೆದಿರುತ್ತದೆ, ಮಣಿ ಮಾಡಲು ಹೇಳಿ ಮಾಡಿಸಿದ್ದು.

ತೂತಿಗೆ 1 ಮಿಲಿಮೀಟರ್ ಡ್ರಿಲ್ ಬಿಟ್, ಕೈಯಲ್ಲಿ ತಿರುಗಿಸುವ ಸಣ್ಣ ಹಿಡಿ. ಬೀಜವನ್ನು ಬಟ್ಟೆ ಕ್ಲಿಪ್ಪಿನಲ್ಲಿ ಕಚ್ಚಿಸಿ. ಉದ್ದಕ್ಕೆ ಕೊರೆಯಬೇಡಿ, ನಡುವಿನ ಸೀಳಿಗೆ ಸಿಕ್ಕಿ ಎರಡು ಹೋಳಾಗುತ್ತದೆ. ಒಂದು ತುದಿಗೆ ಹತ್ತಿರ, ಅಡ್ಡಕ್ಕೆ ಕೊರೆಯಿರಿ. ಅರ್ಧ ಈ ಕಡೆಯಿಂದ, ಅರ್ಧ ಆ ಕಡೆಯಿಂದ. ಆಮೇಲೆ ಬಣ್ಣವಿಲ್ಲದ ವಾರ್ನಿಷ್ ತೆಳ್ಳಗೆ ಎರಡು ಸಲ. ವಾರ್ನಿಷ್ ಹಾಕಿದರೆ ಕಾಫಿ ವಾಸನೆ ಇರುವುದಿಲ್ಲ, ಹಾಕದಿದ್ದರೆ ಕೆಲವು ವಾರ ವಾಸನೆ ಇರುತ್ತದೆ, ಜೊತೆಗೆ ಹುಳವೂ ಬರಬಹುದು. ಎರಡೂ ಬೇಕು ಅನ್ನುವವರಿಗೆ ನನ್ನಲ್ಲಿ ಉತ್ತರವಿಲ್ಲ.

ತೋಟದಲ್ಲಿ ಸಿಗುವ ಬೇರೆ ಬೀಜಗಳು? ಗುಲಗಂಜಿ ಹಾಕಬಹುದಾ?

ಗುಲಗಂಜಿ ಬೇಡ. ನೋಡಲು ಅದರಷ್ಟು ಚೆಂದದ್ದು ಇನ್ನೊಂದಿಲ್ಲ, ಹಿಂದೆ ಅಕ್ಕಸಾಲಿಗರು ಚಿನ್ನ ತೂಗಲು ಅದನ್ನೇ ಇಡುತ್ತಿದ್ದರು. ಆದರೆ ಒಳಗಿರುವ ಅಬ್ರಿನ್ ಭಯಂಕರ ವಿಷ. ಸಿಪ್ಪೆ ಗಟ್ಟಿ ಇರುವ ತನಕ ವಿಷ ಒಳಗೇ ಇರುತ್ತದೆ, ತೂತು ಕೊರೆದ ಕೂಡಲೇ ಆ ಕಾವಲು ಹೋಯಿತು. ಕೊರೆಯುವವರ ಮೂಗಿಗೆ ಪುಡಿ, ಹಾಕಿಕೊಂಡ ಮಗುವಿನ ಬಾಯಿಗೆ ಮಣಿ. ಯಾರಾದರೂ ಗುಲಗಂಜಿ ಸರ ಕೊಟ್ಟರೆ ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಅಕಸ್ಮಾತ್ ಮಗು ಅಗಿದರೆ ಕಾಯುತ್ತಾ ಕೂರದೆ ಆಸ್ಪತ್ರೆಗೆ ಓಡಿ.

ಅದರ ಬದಲು ಅಂಟುವಾಳದ ಕಾಯಿಯೊಳಗಿನ ಕಪ್ಪು ಬೀಜ ನೋಡಿ, ದುಂಡಗೆ, ಉಜ್ಜಿದರೆ ಹೊಳೆಯುತ್ತದೆ. ತಲೆಗೆ ಸಿಪ್ಪೆ ಬಳಸಿ ಬೀಜ ಎಸೆಯುತ್ತೇವಲ್ಲ, ಅದೇ. ಅಂಗಳದ ಕಾಬಾಳೆ ಗಿಡದ ಕಪ್ಪು ಬೀಜವೂ ಆಗುತ್ತದೆ. ಎಳತಿದ್ದಾಗ ಸೂಜಿಯಲ್ಲೇ ಚುಚ್ಚಬಹುದು, ಬಲಿತ ಮೇಲೆ ಕಲ್ಲಿನ ಹಾಗೆ.

ಆನೆ ಬಾಲದ ಕೂದಲಿನ ಉಂಗುರ ಮಾಡಿಕೊಡುತ್ತೀರಾ? ಹುಲಿ ಉಗುರಿಗೆ ಮಣಿ ಕಟ್ಟಿಕೊಡುತ್ತೀರಾ?

ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. 2023ರ ಅಕ್ಟೋಬರಿನಲ್ಲಿ ಹುಲಿ ಉಗುರಿನ ಪದಕದ ಗಲಾಟೆ ರಾಜ್ಯವಿಡೀ ಕೇಳಿಸಿತಲ್ಲ, ಆಮೇಲೂ ಕೇಳುವವರಿದ್ದಾರೆ. ಕಪ್ಪು ನೈಲಾನ್ ಎಳೆಯಲ್ಲಿ ಅದೇ ತರಹ ಗಂಟಿನ ಉಂಗುರ ಮಾಡಬಹುದು, ನೋಡಿದವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದಕ್ಕೇ ನಾನು ಅದನ್ನೂ ಮಾಡುವುದಿಲ್ಲ.

ಕೊಡವರ ಜೋಮಾಲೆ, ಕೊಕ್ಕೆತಾತಿ ತರಹದ್ದು ಮಣಿಯಲ್ಲಿ ಮಾಡಬಹುದಾ?

ಜೋಮಾಲೆ ಅಂದರೆ ಮೂಲದಲ್ಲಿ ಪೊಳ್ಳು ಚಿನ್ನದ ಗುಂಡುಗಳು, ಒಳಗೆ ಅರಗು ತುಂಬಿ ದಾರದಲ್ಲಿ ಪೋಣಿಸಿದ್ದು. ಕೊಕ್ಕೆತಾತಿಯಲ್ಲಿ ಚಿನ್ನದ ಗುಂಡಿನ ಸರಕ್ಕೆ ಅರ್ಧಚಂದ್ರದ ಪದಕ, ಮೇಲೆ ಕೆಂಪು ಕಲ್ಲು. ಅದೇ ರೂಪದ ಸರಕ್ಕೆ ಚಿನ್ನದ ಲೇಪದ ಪೊಳ್ಳು ಗುಂಡುಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ, ನಡುನಡುವೆ ಹವಳದ ಬಣ್ಣದ ಗಾಜು ಹಾಕಿದರೆ ಚೆಂದ ಬರುತ್ತದೆ. ಶಾಲೆಯ ಡ್ಯಾನ್ಸಿಗೆ, ದೂರದ ಪ್ರಯಾಣಕ್ಕೆ ಅಂತ ತುಂಬ ಜನ ಮಾಡಿಸಿಕೊಳ್ಳುತ್ತಾರೆ. ಒನ್ ಗ್ರಾಂ ಗೋಲ್ಡ್ ಅನ್ನುವುದು ಬರೀ ಲೇಪ, ಒಳಗಿರುವುದು ತಾಮ್ರವೋ ಹಿತ್ತಾಳೆಯೋ. ಬೆವರು ಬಿದ್ದಷ್ಟೂ ಲೇಪ ಸವೆಯುತ್ತದೆ.

ಮನೆಯಲ್ಲಿರುವ ಅಸಲಿ ಜೋಮಾಲೆಯನ್ನು ಮಾತ್ರ ನೀವೇ ಬಿಚ್ಚಬೇಡಿ, ಬಿಸಿನೀರಿನಲ್ಲಿ ತೊಳೆಯಬೇಡಿ. ಅರಗು ಮೆತ್ತಗಾದರೆ ಗುಂಡು ನಜ್ಜಾಗುತ್ತದೆ. ಅದು ತಿಳಿದ ಅಕ್ಕಸಾಲಿಗರ ಕೆಲಸ. ಪತ್ತಾಕ್ (ಕೊಡವರ ತಾಳಿಯ ಪದಕ) ಕಟ್ಟಿದ ಕರ್ತಮಣಿ ಸರವೂ ಅಷ್ಟೇ, ಮದುವೆಯಲ್ಲಿ ಕಟ್ಟಿದ್ದನ್ನು ನನ್ನ ಟವೆಲ್ ಮೇಲೆ ಬಿಚ್ಚಿ ಹಾಕಲು ನನಗೇ ಮನಸ್ಸು ಬರುವುದಿಲ್ಲ.

ಕಿವಿಯೋಲೆ ಹಾಕಿದರೆ ಕಿವಿ ತುರಿಸುತ್ತದೆ.

ನಿಕಲ್ ಇರಬೇಕು. ಜರ್ಮನ್ ಸಿಲ್ವರ್ ಅಂತ ಮಾರುತ್ತಾರಲ್ಲ, ಅದರಲ್ಲಿ ಬೆಳ್ಳಿ ಒಂದು ಚೂರೂ ಇಲ್ಲ. ತಾಮ್ರ, ನಿಕಲ್, ಸತು ಅಷ್ಟೇ. ಕಿವಿಗೆ ಹೋಗುವ ಕೊಕ್ಕೆಯನ್ನು ಮಾತ್ರ ಒಳ್ಳೆ ಬೆಳ್ಳಿಯದೋ, ಟೈಟಾನಿಯಂದೋ ಹಾಕಿ, ಕೆಳಗೆ ತೂಗುವುದು ಏನಾದರೂ ಇರಲಿ. ಕೊಕ್ಕೆಯನ್ನು ನೀವೇ ಬಾಗಿಸುವುದಾದರೆ 20 ಗೇಜ್ ತಂತಿ, ಅಂದರೆ ಸುಮಾರು 0.8 ಮಿಲಿಮೀಟರ್. ತುದಿಯನ್ನು ಉಗುರು ಉಜ್ಜುವ ಅರದಲ್ಲಿ ನಯ ಮಾಡಿ.

ಗಾಜೋ ಪ್ಲಾಸ್ಟಿಕ್ಕೋ ಹೇಗೆ ಗೊತ್ತಾಗುತ್ತದೆ?

ಕೆನ್ನೆಗೆ ತಾಗಿಸಿ. ಗಾಜು ತಣ್ಣಗಿರುತ್ತದೆ. ಹಲ್ಲಿಗೆ ಮೆಲ್ಲಗೆ ತಟ್ಟಿದರೆ ಗಾಜು ಟಿಕ್ ಅನ್ನುತ್ತದೆ, ಪ್ಲಾಸ್ಟಿಕ್ ಮಂಕಾಗಿ ಸದ್ದು ಮಾಡುತ್ತದೆ.

ಮಣಿ ನೇಯುವುದು ಕಷ್ಟವಾ?

ಬೇಕಾಗಿರುವುದು ತಾಳ್ಮೆ ಮಾತ್ರ. ಮಗ್ಗದಿಂದ ಶುರು ಮಾಡಿ. ಗಟ್ಟಿ ಚಪ್ಪಲಿ ಡಬ್ಬಿಯ ಎರಡು ಅಂಚಿಗೆ ಸಮ ದೂರದಲ್ಲಿ ಕಚ್ಚು ಹಾಕಿ ದಾರ ಎಳೆದರೆ ಅದೇ ಮಗ್ಗ. ಹತ್ತು ಮಣಿ ಅಗಲದ ಪಟ್ಟಿಗೆ ಹನ್ನೊಂದು ಎಳೆ ಬೇಕು, ಯಾವಾಗಲೂ ಮಣಿಗಿಂತ ಒಂದು ಜಾಸ್ತಿ. ಒಂದು ಸಾಲು ಮಣಿಯನ್ನು ಎಳೆಗಳ ಕೆಳಗಿಂದ ತಂದು ಸಂದಿನಲ್ಲಿ ಮೇಲಕ್ಕೆ ಒತ್ತಿ ಹಿಡಿದು, ಸೂಜಿಯನ್ನು ಎಳೆಗಳ ಮೇಲಿನಿಂದ ಅವೇ ಮಣಿಗಳಲ್ಲಿ ವಾಪಸ್ ತೂರಿಸುವುದು. ಗ್ರಾಫ್ ಹಾಳೆಯಲ್ಲಿ ಚಿತ್ರ ಬಿಡಿಸಿಕೊಂಡರೆ ಒಂದು ಚೌಕಕ್ಕೆ ಒಂದು ಮಣಿ. ಪೆಯೋಟೆ ಅನ್ನುವ ಇನ್ನೊಂದು ಬಗೆಗೆ ಮಗ್ಗ ಬೇಡ, ಇಟ್ಟಿಗೆ ಜೋಡಿಸಿದ ಹಾಗೆ ಒಂದು ಬಿಟ್ಟು ಒಂದು ಮಣಿ ಕೂರಿಸುತ್ತಾ ಹೋಗುವುದು. ಮೊದಲು ಸಮ ಸಂಖ್ಯೆಯ ಮಣಿ ಹಾಕಿ ಕಲಿಯಿರಿ. ಬೆಸ ಸಂಖ್ಯೆಯಲ್ಲಿ ಸಾಲು ತಿರುಗಿಸುವಾಗ ತಲೆ ತಿರುಗುತ್ತದೆ.

ಸೀರೆ ಕುಚ್ಚಿಗೆ ಮಣಿ ಹಾಕುವಾಗ ಏನು ನೋಡಬೇಕು?

ತೂಕ. ತೆಳು ರೇಷ್ಮೆಗೆ ದಪ್ಪ ಗಾಜು ಹಾಕಿದರೆ ಸೆರಗು ಜಗ್ಗಿ ನೂಲು ಬಿಡುತ್ತದೆ. ಸೆರಗಿನ ಅಗಲ ಸಾಧಾರಣ 45 ಇಂಚು, ಇಂಚಿಗೊಂದು ಕುಚ್ಚು ಅಂದರೂ ಒಂದು ಕುಚ್ಚಿಗೆ ಮೂರು ಮಣಿಯಂತೆ 135 ಮಣಿ. ಕೈಯಲ್ಲಿ ತೂಗಿ ನೋಡಿಯೇ ಮುಂದುವರಿಯಿರಿ. ಪ್ಲಾಸ್ಟಿಕ್ ಮಣಿ ಹಾಕಿದರೆ ಇಸ್ತ್ರಿ ಮಾಡುವವರಿಗೆ ಹೇಳಲೇಬೇಕು. ಒಂದು ಸಲ ಕರಗಿ ಸೀರೆಗೆ ಅಂಟಿಕೊಂಡರೆ ಏನೂ ಮಾಡಲು ಬರುವುದಿಲ್ಲ.

ಮಾರುವುದಾದರೆ ಬೆಲೆ ಹೇಗೆ ಹಾಕುವುದು?

ಎಲ್ಲರೂ ಮಣಿಯ ದುಡ್ಡು ಲೆಕ್ಕ ಹಾಕುತ್ತಾರೆ, ತಮ್ಮ ಹೊತ್ತಿನ ಲೆಕ್ಕ ಬಿಡುತ್ತಾರೆ. ಒಂದು ಜೊತೆ ಓಲೆ ಅಂದುಕೊಳ್ಳಿ. ಮಣಿ, ಕೊಕ್ಕೆ ಸೇರಿ 55 ರೂಪಾಯಿ. ಡಬ್ಬಿ, ಕಾರ್ಡು 10. ಮುಕ್ಕಾಲು ಗಂಟೆ ಕೆಲಸ, ಗಂಟೆಗೆ 100ರಂತೆ 75. ಒಟ್ಟು 140. ಅಂಗಡಿಯಲ್ಲಿಟ್ಟು ಅವರಿಗೆ ನೂರಕ್ಕೆ 30 ಕೊಡಬೇಕಾದರೆ 140ಕ್ಕೆ 30 ಪಾಲು ಸೇರಿಸಿದರೆ ಸಾಲದು, 140ನ್ನು 0.7ರಿಂದ ಭಾಗಿಸಿ, 200 ಬರುತ್ತದೆ. ಆಗ ಅವರ 60 ಹೋಗಿ ನಿಮ್ಮ 140 ಉಳಿಯುತ್ತದೆ. ನಾನು ಈ ಲೆಕ್ಕ ತಿಳಿಯದೆ ಒಂದು ವರ್ಷ ಪೂರ್ತಿ ಅಂಗಡಿಯೊಂದಕ್ಕೆ ಪುಕ್ಕಟೆ ದುಡಿದಿದ್ದೇನೆ, ತಪ್ಪು ಅವರದ್ದಲ್ಲ, ನನ್ನದೇ. ನೆಂಟರು "ನಮಗೂ ಅದೇ ರೇಟಾ?" ಅಂದರೆ ಏನು ಹೇಳಬೇಕು ಅನ್ನುವುದನ್ನು ನಾನಿನ್ನೂ ಕಲಿತಿಲ್ಲ.

ಮಕ್ಕಳಿಗೆ ಯಾವಾಗಿನಿಂದ ಕಲಿಸಬಹುದು?

ಬಾಯಿಗೆ ಹಾಕುವ ವಯಸ್ಸು ದಾಟಿದ ಮೇಲೆ, ದೊಡ್ಡ ತೂತಿನ ದೊಡ್ಡ ಮಣಿ, ಶೂ ಲೇಸು ಕೊಟ್ಟು, ನೀವು ಪಕ್ಕದಲ್ಲಿ ಕೂತು. ಪುಟ್ಟ ಕೂಸುಗಳ ಕುತ್ತಿಗೆಗೆ ಮಣಿಸರ ಹಾಕಿ ಮಲಗಿಸಬೇಡಿ. ಮೂಗಿನೊಳಗೆ ಮಣಿ ಹಾಕಿಕೊಂಡರೆ ಮನೆಯಲ್ಲಿ ಕಡ್ಡಿ ಹಾಕಿ ತೆಗೆಯಲು ಹೋಗಬೇಡಿ, ಇನ್ನೂ ಒಳಗೆ ಹೋಗುತ್ತದೆ.

ಕಣ್ಣು ನೋಯುತ್ತದೆ, ಮಳೆಗಾಲದಲ್ಲಿ ಕರೆಂಟೂ ಇರಲ್ಲ.

ಬಣ್ಣ ಆರಿಸುವ ಕೆಲಸ ಹಗಲು ಬೆಳಕಿನಲ್ಲಿ ಮುಗಿಸಿ. ಬಲ್ಬಿನ ಬೆಳಕಿನಲ್ಲಿ ಕಡು ನೀಲಿ, ಕಪ್ಪು, ನೇರಳೆ ಎಲ್ಲ ಒಂದೇ. ಕರೆಂಟ್ ಹೋದ ದಿನ ದಪ್ಪ ಮಣಿಯ ಕೆಲಸ, ಗಂಟಿನ ಕೆಲಸ. ಸೂಜಿಗೆ ದಾರ ಪೋಣಿಸಲು ಬಿಳಿ ಕಾಗದವನ್ನು ಹಿಂದೆ ಹಿಡಿಯಿರಿ. ನಾನು ಬೆಳಿಗ್ಗೆಯೇ ಹತ್ತು ಸೂಜಿಗೆ ದಾರ ಹಾಕಿ ದಿಂಬಿಗೆ ಚುಚ್ಚಿಡುತ್ತೇನೆ.

ಅಜ್ಜಿಯ ಹಳೇ ಸರ ಕಿತ್ತುಹೋಗಿದೆ, ಮತ್ತೆ ಪೋಣಿಸಬಹುದಾ?

ಪೋಣಿಸಬಹುದು. ಮೊದಲು ಉಳಿದಿರುವುದನ್ನು ಹಾಗೆಯೇ ಮೇಜಿನ ಮೇಲೆ ಇಟ್ಟು ಫೋಟೋ ತೆಗೆಯಿರಿ, ಮಣಿ ಎಣಿಸಿ ಬರೆದಿಡಿ. ಹಳೇ ಸರದಲ್ಲಿ ಮಣಿಗಳು ನಡುವಿನಿಂದ ತುದಿಗೆ ಸಣ್ಣದಾಗುತ್ತಾ ಹೋಗಿರುತ್ತವೆ, ಬೆರೆಸಿಬಿಟ್ಟರೆ ಮತ್ತೆ ಸಾಲು ಕೂರಿಸಲು ಒಂದು ದಿನ ಬೇಕು. ಅದಕ್ಕೇ ನಾನು ಹಳೇ ದಾರ ಕತ್ತರಿಸುವ ಮೊದಲು ಎರಡು ಕಡೆ ಅಂಟು ಟೇಪ್ ಹಾಕಿ, ಐದೈದು ಮಣಿ ಬಿಚ್ಚಿ ಹೊಸ ದಾರಕ್ಕೆ ಆಗಲೇ ಏರಿಸುತ್ತೇನೆ. ಹಳೇ ಹುಕ್ಕು ಕೆಲಸ ಮಾಡದಿದ್ದರೂ ಎಸೆಯಬೇಡಿ, ಪದಕದ ಹಾಗೆ ಎಲ್ಲಾದರೂ ಸೇರಿಸಬಹುದು.

ಮಣಿ ಡಬ್ಬಿ ಕೈಜಾರಿ ಚೆಲ್ಲಿಹೋಯಿತು!

ಎದ್ದು ಓಡಾಡಬೇಡಿ, ಇದ್ದಲ್ಲೇ ಕೂರಿ. ಕೋಣೆ ಕತ್ತಲೆ ಮಾಡಿ ಟಾರ್ಚನ್ನು ನೆಲದ ಮೇಲೆ ಮಲಗಿಸಿ ಹಚ್ಚಿ. ಒಂದೊಂದು ಮಣಿಗೂ ಉದ್ದ ನೆರಳು ಬೀಳುತ್ತದೆ, ಕಾವಿ ನೆಲದ ಮೇಲಿನ ಕೆಂಪು ಮಣಿಯೂ ಕಾಣುತ್ತದೆ. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಅದರ ಬಾಯಿಗೆ ಹಳೇ ತೆಳು ಸಾಕ್ಸ್ ಕಟ್ಟಿ ಎಳೆಯಿರಿ, ಮಣಿಯೆಲ್ಲ ಸಾಕ್ಸಿನಲ್ಲಿ ನಿಲ್ಲುತ್ತದೆ. ಇದೆಲ್ಲ ಮಾಡಿದ ಮೇಲೂ ಮರುದಿನ ಬರಿಗಾಲಲ್ಲಿ ನಡೆದವರ ಕಾಲಿಗೆ ಒಂದು ಚುಚ್ಚಿಯೇ ಚುಚ್ಚುತ್ತದೆ. ನಮ್ಮ ಮನೆಯಲ್ಲಿ ಅದು ಯಾವಾಗಲೂ ನಮ್ಮೆಜಮಾನರ ಕಾಲಿಗೇ.